ಮೀನಿಗೂ ನೋವಾಗುತ್ತದೆಯೇ?

ಕಳೆದ ತಿಂಗಳು ಶಿರೂರಿನ ನನ್ನ ದವಾಖಾನೆಗೆ ಐವತ್ತೈದರ ಆಸುಪಾಸಿನ ರೋಗಿಯೊಬ್ಬರನ್ನು ಮಗ ಕರೆತಂದಿದ್ದ. ಆಲಮಟ್ಟಿ ಹಿನ್ನೀರಿನಲ್ಲಿ ಮೀನು ಹಿಡಿದು ಸಂಸಾರ ಸಾಗಿಸಿದವರು. ಈಗ ನಾಲಿಗೆಯ ಕ್ಯಾನ್ಸರ್. ದೊಡ್ಡಾಸ್ಪತ್ರೆಯವರು ನೋವಿಗೆಂದು ಮಾರ್ಫಿನ್ ಮಾತ್ರೆ ಬರೆದುಕೊಟ್ಟಿದ್ದರು. ಅದು ಅಫೀಮಿನ ಮಾತ್ರೆ ಎಂದು ಯಾರೋ ಹೇಳಿದ್ದೇ ತಡ, ಮನೆಯವರು ಅದನ್ನು ಟ್ರಂಕಿನೊಳಗಿಟ್ಟು ಕೀಲಿ ಹಾಕಿಬಿಟ್ಟಿದ್ದರು. "ಚಟಾ ಹತ್ತಿದ್ರ ಏನ್ ಮಾಡೋದ್ರಿ ಸಾಹೇಬ್ರ?" ಎಂದ ಮಗ. ತಂದೆಯ ಯೋಚನೆಯೇ ಬೇರೆ. ತೊದಲುತ್ತ ಕೇಳಿದರು: "ಗಾಳಕ್ಕ ಸಿಕ್ಕ ಮೀನಿಗೂ ಹಿಂಗ ನೋವು ಆಗಿರತೈತೇನ್ರಿ?"

ಎರಡೂ ಪ್ರಶ್ನೆಗಳ ಉತ್ತರ ಒಂದೇ ಕಡೆ ಇದೆ ಎಂದರೆ ನಿಮಗೆ ಆಶ್ಚರ್ಯವಾದೀತು.

ಗಸಗಸೆ ಗಿಡದ ಹಸಿ ಕಾಯಿಯನ್ನು ಗೀರಿದಾಗ ಒಸರುವ ಹಾಲು ಒಣಗಿದರೆ ಅಫೀಮು. ಅದರ ಮುಖ್ಯ ಸತ್ವ ಮಾರ್ಫಿನ್. (ಪಾಯಸಕ್ಕೆ ಹಾಕುವ ಗಸಗಸೆ ಬೀಜದಲ್ಲಿ ಅದು ಅತ್ಯಲ್ಪ. ಹಬ್ಬದೂಟದ ನಂತರದ ನಿದ್ದೆಗೆ ತುಂಬಿದ ಹೊಟ್ಟೆಯೇ ಹೆಚ್ಚು ಕಾರಣ!) ಈ ಗಿಡದ ರಸಕ್ಕೂ ನಮ್ಮ ನೋವಿಗೂ ಏನು ಸಂಬಂಧ? 1973ರಲ್ಲಿ ವಿಜ್ಞಾನಿಗಳು ಮಿದುಳಿನ ಜೀವಕೋಶಗಳ ಮೇಲೆ ಮಾರ್ಫಿನ್ ಬಂದು ಕೂರುವ ತಾಣಗಳನ್ನು ಗುರುತಿಸಿದರು. ಇವನ್ನು ಓಪಿಯಾಯ್ಡ್ ಗ್ರಾಹಕಗಳು ಎನ್ನುತ್ತಾರೆ. ಗ್ರಾಹಕ ಕೀಲಿಯಿದ್ದಂತೆ, ಮಾರ್ಫಿನ್ ಕೀಲಿಕೈ ಇದ್ದಂತೆ. ದೇಹ ಗಸಗಸೆಗಾಗಿ ಕೀಲಿ ಮಾಡಿಟ್ಟುಕೊಂಡಿರಲು ಸಾಧ್ಯವಿಲ್ಲವಷ್ಟೆ? 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಹ್ಯೂಸ್ ಮತ್ತು ಕೋಸ್ಟರ್‌ಲಿಟ್ಜ್ ಅಸಲಿ ಕೀಲಿಕೈಯನ್ನೇ ಪತ್ತೆ ಮಾಡಿದರು. ಮಿದುಳು ತಾನೇ ತಯಾರಿಸುವ ಎನ್‌ಕೆಫಲಿನ್ ಅದು. ಎಂಡಾರ್ಫಿನ್ ಅದರ ಬಳಗದ ಇನ್ನೊಂದು.

ಈ ಕೀಲಿಗಳು ಮನುಷ್ಯನ ಸ್ವಂತ ಆಸ್ತಿಯಲ್ಲ. ಮ್ಯೂ, ಡೆಲ್ಟಾ, ಕಪ್ಪಾ ಮತ್ತು ಅವುಗಳ ಸಂಬಂಧಿ ನೋಸಿಸೆಪ್ಟಿನ್ ಗ್ರಾಹಕ, ಹೀಗೆ ನಾಲ್ಕು ಬಗೆ. ಮೀನು, ಕಪ್ಪೆ, ಹಕ್ಕಿಗಳಿಂದ ಹಿಡಿದು ನಮ್ಮವರೆಗೆ ದವಡೆಯುಳ್ಳ ಕಶೇರುಕಗಳಲ್ಲೆಲ್ಲ ಈ ಕುಟುಂಬ ಹರಡಿದೆ. ಅಂದರೆ ಮೀನು ಮತ್ತು ನಮ್ಮ ಸಮಾನ ಪೂರ್ವಜರಲ್ಲಿ, ನಲವತ್ತು ಕೋಟಿ ವರ್ಷಗಳಿಗೂ ಹಿಂದೆಯೇ, ಈ ಕೀಲಿಗಳಿದ್ದವು.

ಕೀಲಿ ಇದ್ದರೆ ಸಾಕೇ, ಕೆಲಸ ಮಾಡಬೇಡವೇ? 2003ರಲ್ಲಿ ಬ್ರಿಟನ್ನಿನ ಲಿನ್ ಸ್ನೆಡನ್ ಟ್ರೌಟ್ ಮೀನುಗಳ ತುಟಿಗೆ ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲವನ್ನು ಚುಚ್ಚಿ ನೋಡಿದರು. ಮೀನುಗಳು ಏದುಸಿರು ಬಿಟ್ಟವು, ಮೇವು ಮುಟ್ಟಲಿಲ್ಲ, ತುಟಿಯನ್ನು ತಳದ ಕಲ್ಲುಹರಳಿಗೆ ಉಜ್ಜಿಕೊಂಡವು. ಮಾರ್ಫಿನ್ ಕೊಟ್ಟಾಗ ಈ ಉಜ್ಜಾಟ ಇಳಿಯಿತು. ಕಪ್ಪೆಯ ತೊಡೆಗೆ ಆಮ್ಲದ ಹನಿ ಬಿದ್ದರೆ ಅದು ಕಾಲಿನಿಂದ ಒರೆಸಿಕೊಳ್ಳುತ್ತದೆ. ಮಾರ್ಫಿನ್ ಕೊಟ್ಟ ಕಪ್ಪೆ ಒರೆಸಿಕೊಳ್ಳಬೇಕಾದರೆ ಆಮ್ಲ ಇನ್ನೂ ತೀಕ್ಷ್ಣವಾಗಿರಬೇಕು. ಕಾಲೇಜಿನಲ್ಲಿ ಕಪ್ಪೆ ಕೊಯ್ದ ನಮ್ಮ ತಲೆಮಾರಿನವರಿಗೆ ಇದನ್ನು ಯಾರೂ ಹೇಳಿರಲಿಲ್ಲ. ಎಲ್ಲ ಪ್ರಾಣಿಗೂ ಒಂದೇ ಮದ್ದು ಎಂದಲ್ಲ. ಗಿಳಿಗಳ ನೋವಿಗೆ ಪಶುವೈದ್ಯರು ಬ್ಯುಟಾರ್ಫನಾಲ್ ಬಳಸುತ್ತಾರೆ. ಆಮೆಗೆ ಅದು ನಾಟುವುದಿಲ್ಲ, ಮಾರ್ಫಿನ್ ನಾಟುತ್ತದೆ.

ನಮ್ಮ ನೆರೆಯ ಧಾರವಾಡದ್ದೇ ಒಂದು ಉದಾಹರಣೆ ಇದೆ. ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದವರು ನಮ್ಮ ಕೆರೆಗಳಲ್ಲೂ ಸಿಗುವ ತಿಲಾಪಿಯಾ ಮೀನಿನ ಮೇಲೆ ನಡೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಒತ್ತಡಕ್ಕೆ ಸಿಕ್ಕ ಮೀನಿನಲ್ಲಿ ಸಂತಾನಕ್ಕೆ ಬೇಕಾದ ಎಲ್‌ಎಚ್ ಹಾರ್ಮೋನು ಕುಗ್ಗುತ್ತದೆ. ಆದರೆ ಓಪಿಯಾಯ್ಡ್ ಕೀಲಿಯ ರಂಧ್ರವನ್ನೇ ಮುಚ್ಚುವ ನಾಲ್ಟ್ರೆಕ್ಸೋನ್ ಔಷಧಿ ಕೊಟ್ಟಾಗ ಆ ಕುಗ್ಗುವಿಕೆ ಕಡಿಮೆಯಾಯಿತು. ಅಂದರೆ ಕಷ್ಟಕಾಲದಲ್ಲಿ ಮೀನಿನ ಮಿದುಳು ತನ್ನದೇ ಅಫೀಮನ್ನು ಸುರಿಸುತ್ತದೆ. ನೋವಿಗಷ್ಟೇ ಅಲ್ಲ, ಮರಿ ಮಾಡುವ ಕೆಲಸವನ್ನು ಸದ್ಯಕ್ಕೆ ತಡೆಹಿಡಿಯಲೂ ಅದು ಬಳಕೆಯಾಗುತ್ತದೆ. ಕುಡಿತ ಬಿಡಿಸಲು ವೈದ್ಯರು ಬರೆಯುವುದೂ ಇದೇ ನಾಲ್ಟ್ರೆಕ್ಸೋನ್ ಮಾತ್ರೆಯನ್ನೇ.

ಹಾಗಾದರೆ ಮೀನು ನಮ್ಮಂತೆಯೇ ನೋವನ್ನು "ಅನುಭವಿಸು"ತ್ತದೆಯೇ? ಅದಕ್ಕೆ ನಮ್ಮಂಥ ಮಿದುಳಿನ ಹೊರಪದರವಿಲ್ಲ, ಆದ್ದರಿಂದ ಇಲ್ಲ ಎನ್ನುವ ವಿಜ್ಞಾನಿಗಳೂ ಇದ್ದಾರೆ. ಚರ್ಚೆ ಮುಗಿದಿಲ್ಲ. ಏನೂ ಆಗುವುದಿಲ್ಲ ಎಂಬ ಮಾತನ್ನಂತೂ ನಾನು ಒಪ್ಪಲಾರೆ. ರೋಗಿಗೂ ಹಾಗೆಯೇ ಹೇಳಿದೆ. ಹಿಡಿದ ಮೀನನ್ನು ದಡದಲ್ಲಿ ಒದ್ದಾಡಲು ಬಿಡದೆ ತಲೆಗೆ ಒಂದೇ ಏಟು ಕೊಡುತ್ತಿದ್ದ ತಮ್ಮ ಅಪ್ಪನನ್ನು ಅವರು ನೆನೆದರು.

ಮಗನಿಗೆ ಹೇಳಿದ್ದು ಬೇರೆ. ಮೀನಿನ ಕಾಲದಿಂದ ದೇಹದಲ್ಲಿರುವ ಕೀಲಿಯನ್ನೇ ಈ ಮಾತ್ರೆ ತೆರೆಯುತ್ತದೆ. ಕ್ಯಾನ್ಸರ್ ನೋವಿಗೆ ವೈದ್ಯರ ನಿಗಾದಲ್ಲಿ ತೆಗೆದುಕೊಂಡವರು ಚಟಕ್ಕೆ ಬೀಳುವುದು ಅಪರೂಪ. ಆದರೆ ದೇಹ ಅದಕ್ಕೆ ಹೊಂದಿಕೊಳ್ಳುವುದರಿಂದ ಒಮ್ಮೆಲೇ ನಿಲ್ಲಿಸಬಾರದು, ವೈದ್ಯರು ಹಂತಹಂತವಾಗಿ ಇಳಿಸುತ್ತಾರೆ. ನೋವು ಹೆಚ್ಚಾದಾಗ ಮಾತ್ರ ನುಂಗುವುದಲ್ಲ, ಬರೆದುಕೊಟ್ಟ ಹೊತ್ತಿಗೆ ಸರಿಯಾಗಿ ನುಂಗಬೇಕು. ಮಲಬದ್ಧತೆ ಆಗಿಯೇ ಆಗುತ್ತದೆ, ಮೊದಲ ದಿನದಿಂದಲೇ ಅದಕ್ಕೂ ಔಷಧಿ ಬೇಕು. ವಿಪರೀತ ಮಂಪರು, ಉಸಿರು ನಿಧಾನವಾಗುವುದು ಕಂಡರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. 2014ರಲ್ಲಿ ಮಾದಕವಸ್ತು ಕಾಯ್ದೆಗೆ ತಿದ್ದುಪಡಿಯಾದ ಮೇಲೆ, ಮಾನ್ಯತೆ ಪಡೆದ ಆಸ್ಪತ್ರೆಗಳು ಮಾರ್ಫಿನ್ ಇಟ್ಟು ಕೊಡುವ ವಿಧಾನ ಸರಳವಾಗಿದೆ.

ಮನೆಯಲ್ಲಿ ಯಾರಾದರೂ ಕುಡಿತ ಬಿಡಲು ನಾಲ್ಟ್ರೆಕ್ಸೋನ್ ನುಂಗುತ್ತಿದ್ದರೆ, ಆಪರೇಷನ್ನಿಗೋ ಅಪಘಾತದ ಚಿಕಿತ್ಸೆಗೋ ಹೋದಾಗ ವೈದ್ಯರಿಗೆ ಮೊದಲೇ ತಿಳಿಸಿ. ಕೀಲಿಯ ರಂಧ್ರ ಮುಚ್ಚಿರುವಾಗ ಮಾರ್ಫಿನ್ ನಾಟದು. ಮಾರ್ಫಿನ್ ಮೇಲಿರುವ ರೋಗಿಗೆ ಆ ಮಾತ್ರೆ ತಪ್ಪಿಯೂ ಕೊಡಬೇಡಿ. ಟ್ರಂಕಿನ ಕೀಲಿಯನ್ನು ತೆಗೆಸಲಿಲ್ಲ, ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ. ಕೀಲಿಕೈ ಮಾತ್ರ ಈಗ ರೋಗಿಯ ಹೆಂಡತಿಯ ಸೊಂಟದಲ್ಲಿದೆ.