ಬೇಟೆಯ ಬಯಲಿನಿಂದ ಪಡಸಾಲೆಗೆ

ಮಹಾನವಮಿಗೆ ರಾಣೇಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಕಾರಣಿಕ ಎಂಬ ಭವಿಷ್ಯವಾಣಿ ಕೇಳಲು ಜನ ಕಿಕ್ಕಿರಿಯುತ್ತಾರೆ. ಅಲ್ಲಿ ಕಾರಣಿಕ ನುಡಿಯುವ ಗೊರವಪ್ಪಗಳ ಪರಂಪರೆಯಲ್ಲಿ ದೋಣಿ ಸೇವೆ ಎಂಬುದೊಂದಿದೆ. ಮರದ ದೋಣಿಗೆ ಹಾಲು, ಬಾಳೆಹಣ್ಣು, ಬೆಲ್ಲ ಸುರಿದರೆ ಕಂಬಳಿ ಹೊದ್ದ ಗೊರವರು ಬೊಗಳುತ್ತ ಬಂದು ನೇರವಾಗಿ ಬಾಯಿ ಹಾಕುತ್ತಾರೆ. ಆ ಹೊತ್ತಿಗೆ ಅವರು ಮೈಲಾರಲಿಂಗನ ನಾಯಿಗಳು.

ಕುರಿ ಸಾಕುವ ಈ ಸೀಮೆಯಲ್ಲಿ ನಾಯಿ ದೇವರ ಪರಿವಾರಕ್ಕೇ ಸೇರಿದೆ. ಆದರೆ ಉದ್ದ ಮೂತಿ, ಒಳಸರಿದ ಹೊಟ್ಟೆ, ಎಲುಬು ಎಣಿಸಬಹುದಾದ ಮೈಯ ಬೇಟೆನಾಯಿ ಮನೆಯ ಪಡಸಾಲೆಗೆ ಬಂದದ್ದು ಬೇರೆಯೇ ದಾರಿಯಲ್ಲಿ.

ಕನ್ನಡ ನಾಡಿನಲ್ಲಿ ಬೇಟೆನಾಯಿಯ ಮೇಲಿನ ಅಕ್ಕರೆಗೆ ಕಲ್ಲಿನ ಸಾಕ್ಷಿ ಇದೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಹತ್ತನೆಯ ಶತಮಾನದ ಶಾಸನ, ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನ ಕಥೆ ಹೇಳುತ್ತದೆ. ಅರಸ ಮೆಚ್ಚಿದ್ದನ್ನು ಕೇಳು ಎಂದಾಗ ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಕಾಳಿ ದೊಡ್ಡದೊಂದು ಹಂದಿಯ ಮೇಲೆ ಬಿತ್ತು, ಎರಡೂ ಸತ್ತವು. ಮಣಲೇರ ಅದಕ್ಕೆ ಕಲ್ಲು ನಿಲ್ಲಿಸಿದ. ನಾಯಿ ಮತ್ತು ಹಂದಿಯ ಕಾದಾಟವನ್ನು ಕೆತ್ತಿದ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಇವತ್ತು ಪಂದ್ಯದ ನಾಯಿ ಗ್ರೇಹೌಂಡ್ ಎಂದರೆ ಕರ್ನಾಟಕದವರಿಗೆ ಮೊದಲು ನೆನಪಾಗುವುದು ಅದೇ ಮೈಕಟ್ಟಿನ ಮುಧೋಳ ನಾಯಿ. ಬೇಡರ ಕೈಯಲ್ಲಿ ಬೇಟೆಗೂ ಹಟ್ಟಿಗಳಲ್ಲಿ ಕಾವಲಿಗೂ ಪಳಗಿದ್ದ ಈ ತಳಿಗೆ ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಆಸರೆಯಾದರು. ಮಾಲೋಜಿರಾವ್ ಘೋರ್ಪಡೆ ಒಂದು ಜೋಡಿಯನ್ನು ದೊರೆ ಐದನೇ ಜಾರ್ಜ್‌ಗೆ ಕಾಣಿಕೆ ಕೊಟ್ಟ ಮೇಲೆ ಊರಿನ ಹೆಸರೇ ನಾಯಿಗೂ ಅಂಟಿಕೊಂಡಿತು.

ಆಮೇಲೆ ಅದರ ಕಸುಬೇ ಹೋಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಕೃಷ್ಣಮೃಗ, ಅಂದರೆ ಚಿಗರಿ, ಅದರ ಮೊದಲ ಪಟ್ಟಿಗೆ ಸೇರಿತು. 1974ರಲ್ಲಿ ರಾಣೇಬೆನ್ನೂರಿನ ಕುರುಚಲು ಕಾಡು, ಹುಲ್ಲುಗಾವಲು, ನೀಲಗಿರಿ ತೋಪುಗಳೆಲ್ಲ ಸೇರಿ 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯವಾಯಿತು. ಇಂಥ ಬಯಲಿನಲ್ಲಿ ಮೊಲ, ಚಿಗರಿ ಅಟ್ಟಲೆಂದೇ ತಿದ್ದಿದ ಕಾಲುಗಳಿಗೆ ಕೆಲಸ ಉಳಿಯಲಿಲ್ಲ.

ಹೊಸ ಕೆಲಸ ಕೊಟ್ಟದ್ದು ಸರ್ಕಾರ. 2005ರ ಜನವರಿಯಲ್ಲಿ ಅಂಚೆ ಇಲಾಖೆ ನಾಲ್ಕು ದೇಸಿ ತಳಿಗಳ ಅಂಚೆಚೀಟಿ ತಂದಾಗ ಅದರಲ್ಲಿ ಮುಧೋಳವೂ ಇತ್ತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಶುರುವಾಯಿತು. ಅಲ್ಲಿಂದ 2016ರಲ್ಲಿ ಮರಿಗಳು ಮೀರತ್‌ನ ಸೇನಾ ತರಬೇತಿ ಕೇಂದ್ರಕ್ಕೆ ಹೋದವು. ಬಳಿಕ ರನ್‌ವೇಯಿಂದ ಹಕ್ಕಿ ಓಡಿಸಲು ವಾಯುಪಡೆಯೂ ಒಯ್ದಿತು. 2020ರ ಆಗಸ್ಟ್ 30ರ ‘ಮನ್ ಕೀ ಬಾತ್’ನಲ್ಲಿ ಪ್ರಧಾನಿ ಈ ತಳಿಯ ಹೆಸರೆತ್ತಿ, ನಾಯಿ ಸಾಕುವವರು ದೇಸಿ ತಳಿಯನ್ನೇ ತನ್ನಿ ಎಂದರು.

ಗ್ರೇಹೌಂಡ್ ಮನೆ ಸೇರಿದ್ದೂ ಕಸುಬು ಕಳೆದುಕೊಂಡೇ. ಅಮೆರಿಕದಲ್ಲಿ ಪಂದ್ಯದಿಂದ ನಿವೃತ್ತವಾದ ನಾಯಿಗಳನ್ನು ಕುಟುಂಬಗಳು ದತ್ತು ಪಡೆಯುವ ರೂಢಿ ಬೆಳೆಯಿತು. 2018ರಲ್ಲಿ ಫ್ಲಾರಿಡಾದ ಮತದಾರರು ನಾಯಿ ಪಂದ್ಯವನ್ನೇ ನಿಲ್ಲಿಸಲು ತೀರ್ಮಾನಿಸಿದ ಮೇಲೆ ಸಾವಿರಾರು ನಾಯಿಗಳಿಗೆ ಮನೆ ಹುಡುಕಬೇಕಾಯಿತು. ಸಾಕಿದವರಿಗೆ ಅಚ್ಚರಿ ಕಾದಿತ್ತು: ಗಂಟೆಗೆ ಸುಮಾರು 70 ಕಿಲೋಮೀಟರ್ ಓಡಬಲ್ಲ ಪ್ರಾಣಿ ದಿನದ ಬಹುಪಾಲು ಸೋಫಾದ ಮೇಲೆ ಮಲಗಿರುತ್ತದೆ.

ಮುಧೋಳ ಅಷ್ಟು ಸಲೀಸಲ್ಲ. ಮನೆಯವರಿಗೆ ಅಂಟಿಕೊಳ್ಳುತ್ತದೆ, ಹೊರಗಿನವರು ಮೈಮುಟ್ಟಿದರೆ ಸಿಡುಕುತ್ತದೆ. ತೆಳು ಕೂದಲಿನಿಂದಾಗಿ ಬಯಲುಸೀಮೆಯ ಬಿಸಿಲನ್ನು ತಾಳುತ್ತದೆ. ಆದರೆ ಮೈಯಲ್ಲಿ ಕೊಬ್ಬು ಕಡಿಮೆ, ಚಳಿಗೆ ಮುದುರುತ್ತದೆ, ಬರಿ ನೆಲದ ಮೇಲೆ ಮಲಗಿಸಿದರೆ ಮೊಣಕೈ ಜಡ್ಡುಗಟ್ಟುತ್ತದೆ. ಹಳೆಯ ಕಂಬಳಿಯೊಂದನ್ನು ಹಾಸಿದರೆ ಸಾಕು. ಥಯೋಪೆಂಟಾಲ್‌ನಂಥ ಅರಿವಳಿಕೆ ಮದ್ದಿನ ಅಮಲು ಗ್ರೇಹೌಂಡ್‌ಗಳಿಗೆ ಬೇಗ ಇಳಿಯುವುದಿಲ್ಲ. ಹೀಗಾಗಿ ಅದೇ ಮೈಕಟ್ಟಿನ ಮುಧೋಳಕ್ಕೆ ಸಣ್ಣ ಆಪರೇಷನ್ ಮಾಡಿಸುವಾಗಲೂ ಡಾಕ್ಟರಿಗೆ ಮೊದಲೇ ತಳಿ ತಿಳಿಸುವುದು ಒಳ್ಳೆಯದು.

ದೊಡ್ಡ ತಲೆನೋವು ಕಣ್ಣಿನದು. ಈ ನಾಯಿಗಳು ವಾಸನೆಗಿಂತ ಹೆಚ್ಚಾಗಿ ಕಣ್ಣಿನಿಂದ ಬೇಟೆಯಾಡುತ್ತವೆ. ದೂರದಲ್ಲಿ ಬೆಕ್ಕೋ ಕೋಳಿಯೋ ಕದಲಿದರೆ ಸಾಕು, ಯಜಮಾನನ ಕೂಗು ಕಿವಿಗೆ ಬೀಳುವಷ್ಟರಲ್ಲಿ ನಾಯಿ ಬೀದಿಯ ಆಚೆ ತುದಿಯಲ್ಲಿರುತ್ತದೆ. ಸೋಮವಾರ, ಗುರುವಾರ ಮೆಣಸಿನಕಾಯಿ ಚೀಲ ಹೊತ್ತ ಲಾರಿಗಳು ಸಾಲುಗಟ್ಟುವ ಬ್ಯಾಡಗಿಯಲ್ಲಿ, ಹೆದ್ದಾರಿಗೆ ಹತ್ತಿದ ಹಾವೇರಿಯಲ್ಲಿ ಆ ಓಟ ನಾಯಿಯ ಜೀವಕ್ಕೇ ಕುತ್ತು. ಬೇಲಿ ಇರುವ ತೋಟವೋ ಗೋಡೆ ಎತ್ತರದ ಹಿತ್ತಲೋ ಇದ್ದವರು ಬೆಳಗ್ಗೆ, ಸಂಜೆ ಅಲ್ಲಿ ಬಿಟ್ಟು ಓಡಿಸಬಹುದು. ಇಲ್ಲದವರು ಹಗ್ಗ ಹಿಡಿದೇ ನಡೆಸಬೇಕು.

ರಾಣೇಬೆನ್ನೂರಿನ ಅಭಯಾರಣ್ಯದ ಸುತ್ತಲ ಊರುಗಳಲ್ಲಿ ಈ ಹಗ್ಗಕ್ಕೆ ಇನ್ನೊಂದು ಕಾರಣವೂ ಇದೆ. ಚಿಗರಿಗಳು ಕಾಡು ದಾಟಿ ಹೊಲಗಳಿಗೆ ಬರುತ್ತವೆ. ಕೊಲ್ಲುವುದಷ್ಟೇ ಅಲ್ಲ, ಅಟ್ಟಿಸಿಕೊಂಡು ಹೋಗುವುದೂ ವನ್ಯಜೀವಿ ಕಾಯ್ದೆಯ ಲೆಕ್ಕದಲ್ಲಿ ಬೇಟೆಯೇ. ಹೊಲದಲ್ಲಿ ನಾಯಿಯನ್ನು ಬೇಕೆಂದೇ ಚಿಗರಿಯ ಹಿಂದೆ ಬಿಟ್ಟರೆ ಕೇಸು ಬೀಳುವುದು ಬಿಟ್ಟವನ ಮೇಲೆ.