ಬಿರುಗಾಳಿ ಅಲ್ಲಿ, ಅಲೆ ಇಲ್ಲಿ

ಕ್ಯಾಲಿಫೋರ್ನಿಯದ ಸಾಂತಾಕ್ರೂಜ್‌ನ ಸ್ಟೀಮರ್ ಲೇನ್ ಅಲೆಸವಾರರ ನೆಚ್ಚಿನ ಭೂಶಿರ. ಚಳಿಗಾಲದಲ್ಲಿ ಆಕಾಶ ತಿಳಿಯಾಗಿದ್ದರೂ ಅಲ್ಲಿ ಆಳೆತ್ತರದ ಅಲೆಗಳು ಏಳುವುದುಂಟು. ಅವು ಹುಟ್ಟುವುದು ದೂರದ ಉತ್ತರ ಪೆಸಿಫಿಕ್‌ನ ಬಿರುಗಾಳಿಯಲ್ಲಿ.

ಹಾಗಾದರೆ ಅವು ಬರುವುದು ಮೊದಲೇ ತಿಳಿಯುವುದು ಹೇಗೆ? ಒಂದರ ಹಿಂದೊಂದು ಬರುವ ಅಲೆಗಳ ನಡುವಿನ ಕಾಲವನ್ನು ಸಮುದ್ರದಲ್ಲಿ ತೇಲುವ ಉಪಕರಣಗಳು ಅಳೆಯುತ್ತವೆ. ಅದು 16 ಸೆಕೆಂಡ್ ಇದ್ದರೆ, ಆಳ ಸಮುದ್ರದಲ್ಲಿ ಅಲೆಗಳ ತಂಡ ಗಂಟೆಗೆ ಸುಮಾರು 45 ಕಿ.ಮೀ. ಸಾಗುತ್ತದೆ. 2,400 ಕಿ.ಮೀ. ದಾಟಲು ಸುಮಾರು 53 ಗಂಟೆ. ವಿದ್ಯಾರ್ಥಿಗಳು ಭಾಗಿಸಿ ನೋಡಬಹುದು! ಭೂಶಿರದ ಬಳಿ ಆಳ ತಗ್ಗಿದಂತೆ ಅಲೆ ನಿಧಾನಿಸಿ, ಬಾಗಿ, ಒಂದು ತುದಿಯಿಂದ ಒಡೆಯುತ್ತ ಸಾಗುತ್ತದೆ.

ಅಲೆಯ ಲೆಕ್ಕವೊಂದನ್ನೇ ನಂಬಿ ಇಳಿಯುವಂತಿಲ್ಲ. ಆಗ ನೀರು ಸುಮಾರು 12 ಡಿಗ್ರಿ ಸೆಲ್ಸಿಯಸ್. ಅದರ ಉಷ್ಣವಾಹಕತೆ ಗಾಳಿಯದಕ್ಕಿಂತ 20 ಪಟ್ಟಿಗೂ ಹೆಚ್ಚು. ರಬ್ಬರಿನ ಉಡುಪಿಲ್ಲದಿದ್ದರೆ ಕೈಕಾಲು ಬೇಗ ಮರಗಟ್ಟುತ್ತವೆ. ದಡದಲ್ಲಿರುವುದೋ ಬರೀ ಬಂಡೆ.