ಗಿರಿಯಾಚೆಯ ಹುಲ್ಲುಗಾವಲು

ಶನಿವಾರ ಬೆಳಗಾದರೆ ಅತ್ತಿಗುಂಡಿಯ ಕಿರಿದಾದ ರಸ್ತೆಯಲ್ಲಿ ಬೆಂಗಳೂರಿನ ಕಾರುಗಳ ಸಾಲು. ಬಾಬಾಬುಡನ್‌ಗಿರಿಗೆ ಹೊರಟವರು, ಹೊನ್ನಮ್ಮನ ಹಳ್ಳದಲ್ಲಿ ನೆನೆಯಲು ಬಂದವರು, ಮಂಜು ಕಂಡಲ್ಲೆಲ್ಲ ಗಾಡಿ ನಿಲ್ಲಿಸುವವರು. ನೂಕುನುಗ್ಗಲು ತಾಳಲಾರದೆ ಚಿಕ್ಕಮಗಳೂರು ಜಿಲ್ಲಾಡಳಿತ 2025ರ ಸೆಪ್ಟೆಂಬರ್‌ನಿಂದ ಗಿರಿಗೆ ಬರುವ ವಾಹನಗಳು ಮೊದಲೇ ನೋಂದಾಯಿಸಿಕೊಳ್ಳಬೇಕು ಎಂದು ನಿಯಮ ಮಾಡಿತು.

ಇದೇ ಜಿಲ್ಲೆಯ ಪೂರ್ವದಂಚಿನಲ್ಲಿ, ಕಡೂರು ತಾಲ್ಲೂಕಿನಲ್ಲಿ, ಅಂಥ ಗದ್ದಲವಿಲ್ಲದ ಜಾಗವೊಂದಿದೆ: ಬಾಸೂರು ಅಮೃತ ಮಹಲ್ ಕಾವಲು. ಮುಂಗಾರಿನ ಮಳೆಯ ಬಹುಪಾಲು ಗಿರಿಸಾಲಿನ ಮೇಲೆಯೇ ಸುರಿದುಹೋಗುತ್ತದೆ. ಈ ಕಡೆಗೆ ಉಳಿಯುವುದು ಕಡಿಮೆ. ಕಾಫಿ ತೋಟದ ನೆರಳಿನಿಂದ ಬಂದವರಿಗೆ ಇಲ್ಲಿ ನೋಡಲು ಏನೂ ಇಲ್ಲ ಎಂದೇ ಮೊದಲು ಅನ್ನಿಸೀತು. ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ, ಮೇಲೆ ಬಿಚ್ಚಿದ ಆಕಾಶ. ಸ್ವಲ್ಪ ಹೊತ್ತು ಸುಮ್ಮನೆ ನಿಂತರೆ ಹುಲ್ಲಿನ ಬಣ್ಣದೊಳಗಿಂದಲೇ ಕೃಷ್ಣಮೃಗಗಳು ಕಾಣಿಸಿಕೊಳ್ಳುತ್ತವೆ. ಬಲಿತ ಗಂಡಿನ ಬೆನ್ನು ಕಡುಗಪ್ಪು, ಕೊಂಬು ಸುರುಳಿ ಸುರುಳಿ, ಹೆಣ್ಣುಗಳದು ತಿಳಿಕಂದು. ದೂರದಿಂದಲೇ ಅಪಾಯ ಕಂಡು ಓಡುವುದು ಅವುಗಳ ಜೀವ ಉಳಿಸುವ ಉಪಾಯ. ಹಾಗಾಗಿ ದಟ್ಟ ಮರಗಳು ಬೆಳೆದಲ್ಲಿ ಅವಕ್ಕೆ ಬದುಕಿಲ್ಲ. ಬಯಲು ಕಂಡರೆ ಸಾಕು, ನೀಲಗಿರಿ, ಅಕೇಶಿಯಾ ನೆಟ್ಟು ‘ಹಸಿರು’ ಮಾಡಹೊರಟವರಿಗೆ ಇದು ತಿಳಿದದ್ದು ತಡವಾಗಿ.

ಈ ಹುಲ್ಲು ಉಳಿದದ್ದಕ್ಕೆ ದನಗಳಿಗೆ ಋಣಿಯಾಗಿರಬೇಕು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ ಎಂಬ ದನಗಳ ಇಲಾಖೆಯೇ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ಅರಮನೆಗೆ ಹಾಲು ಬೆಣ್ಣೆ ಕೊಡುತ್ತಿದ್ದ ಹಸುಗಳ ಕರುಗಳು ಸೇನೆಯ ಫಿರಂಗಿ ಎಳೆಯುವ ಎತ್ತುಗಳಾದವು. ಚಿದಂಬರಂನ ನೆರವಿಗೆ ಹೊರಟ ಹೈದರನ ಸೇನೆ ಈ ಎತ್ತುಗಳ ಬಲದಿಂದ ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿತೆಂದು ಹಳೆಯ ದಾಖಲೆಗಳು ಹೇಳುತ್ತವೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರೂ ಆ ತಳಿಯನ್ನು ಬಿಡಲಿಲ್ಲ. ದನಗಳಿಗೆಂದು ಮೈಸೂರು ಸೀಮೆಯ ಉದ್ದಗಲಕ್ಕೂ ಕಾದಿರಿಸಿದ ಮೇವಿನ ಬಯಲುಗಳೇ ಕಾವಲುಗಳು. ತಳಿ ಸಂವರ್ಧನಾ ಕೇಂದ್ರ ಇಂದಿಗೂ ಪಕ್ಕದ ಅಜ್ಜಂಪುರದಲ್ಲಿದೆ.

ಎಲ್ಲ ಕಾವಲುಗಳಿಗೂ ಬಾಸೂರಿನ ಅದೃಷ್ಟವಿಲ್ಲ. ಚಳ್ಳಕೆರೆಯ ಸುಮಾರು 10,000 ಎಕರೆ ಕಾವಲು ರಕ್ಷಣೆ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾಯಿತು; ಕುರಿಗಾಹಿಗಳಿಗೆ ಅಡ್ಡವಾಗಿ ಗೋಡೆ ಎದ್ದಿತು. ಬೆಂಗಳೂರಿನ ಮಗ್ಗುಲಲ್ಲೇ ಇರುವ ಹೆಸರಘಟ್ಟದ ಹುಲ್ಲುಗಾವಲನ್ನು ಫಿಲಂ ಸಿಟಿ ಮಾಡುವ ಮಾತೂ ಕೇಳಿಬಂದಿತ್ತು. ಅದನ್ನು ಮೀಸಲು ಮಾಡುವ ಪ್ರಸ್ತಾವ 2021ರಲ್ಲಿ ರಾಜ್ಯ ವನ್ಯಜೀವಿ ಮಂಡಳಿಯಲ್ಲಿ ಬಿದ್ದುಹೋಗಿ, 2024ರಲ್ಲಷ್ಟೇ ಒಪ್ಪಿಗೆ ಪಡೆಯಿತು. ಬಾಸೂರಿನ ಸುಮಾರು 736 ಹೆಕ್ಟೇರ್ 2011ರಲ್ಲೇ ಸಂರಕ್ಷಣಾ ಮೀಸಲು ಎಂದು ಘೋಷಣೆಯಾಗಿತ್ತು.

ಸಂರಕ್ಷಣಾ ಮೀಸಲು ಎಂದರೆ ಅಭಯಾರಣ್ಯವಲ್ಲ. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯಿಂದ ಬಂದ ವರ್ಗವಿದು. ಸರ್ಕಾರಿ ಜಮೀನಿನಲ್ಲಿ, ಸ್ಥಳೀಯರೊಡನೆ ಮಾತಾಡಿಯೇ ಘೋಷಿಸಬೇಕು. ಒಳಗಿರುವ ಜನರ ಹಕ್ಕುಗಳಿಗೆ ಧಕ್ಕೆಯಾಗಬಾರದು. ನಿರ್ವಹಣೆಗೆ ಸಲಹೆ ಕೊಡುವ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿ ಇರಬೇಕು. ಊರಿನ ದನಕುರಿ ಮೇದ ಬಯಲಿಗೆ ಇದಕ್ಕಿಂತ ಸರಿಹೊಂದುವ ಕಾನೂನು ಸದ್ಯಕ್ಕೆ ಇನ್ನೊಂದಿಲ್ಲ.

ಬಾಸೂರಿಗೆ ಹೋಗುವವರು ಕಡೂರಿನ ಅರಣ್ಯ ಕಚೇರಿಯಲ್ಲಿ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು. ಚಳಿಗಾಲದ ಬೆಳಗು ಸರಿಯಾದ ಹೊತ್ತು. ಮಧ್ಯ ಏಷ್ಯಾದ ಹುಲ್ಲುಗಾಡುಗಳಿಂದ ಬರುವ ಸೆಳೆವ ಎಂಬ ಬೇಟೆಹಕ್ಕಿಗಳು ದಖ್ಖನಿನ ಇಂಥ ಬಯಲುಗಳಲ್ಲೇ ಚಳಿಗಾಲ ಕಳೆಯುತ್ತವೆ, ಆಕಾಶದ ಮೇಲೂ ಒಂದು ಕಣ್ಣಿರಲಿ. ಜಿಂಕೆಯ ಹಿಂದೆ ಗಾಡಿ ಓಡಿಸುವ ಚಪಲ ಬೇಡ, ನಾಯಿಯನ್ನಂತೂ ತರಲೇಬಾರದು. ಸುತ್ತಲಿನ ರೈತರೊಡನೆ ಮಾತಿಗೆ ಕೂತರೆ ಕಾವಲಿನ ಇನ್ನೊಂದು ಮುಖವೂ ತಿಳಿಯುತ್ತದೆ. ಕೃಷ್ಣಮೃಗಕ್ಕೆ ಸರ್ವೆ ಕಲ್ಲಿನ ಗುರುತು ಗೊತ್ತಿಲ್ಲ. ರಾಗಿ ಪೈರು ಎಳೆಯದಾಗಿದ್ದಾಗ ಹಿಂಡು ಹೊಲಕ್ಕಿಳಿಯುತ್ತದೆ, ರಾತ್ರಿ ಕಾವಲು ಕಾಯುವ ಕೆಲಸ ರೈತನ ಪಾಲಿಗೆ ಬರುತ್ತದೆ.